ಮಿಗತೆಯ ಟ್ರ್ಯಾಕ್ಟರು, ಅಣ್ಣನ ಇಳಿಜಾರು

ಊರಿನವರು ಅವನನ್ನು ಮಿಗತೆ ಎಂದು ಕರೆಯುತ್ತಿದ್ದುದಕ್ಕೆ ಕಾರಣವಿತ್ತು. ಅವನು ಬಿಚ್ಚಿ ಜೋಡಿಸಿದ ಯಾವ ಯಂತ್ರದಲ್ಲೂ ಕೊನೆಗೆ ಒಂದೆರಡು ಬಿಡಿಭಾಗ ಮಿಕ್ಕುತ್ತಿದ್ದವು. ಗೋಡೆ ಗಡಿಯಾರ ಬಿಚ್ಚಿದರೆ ಒಂದು ಹಲ್ಲಿನ ಚಕ್ರ, ಹೊಲಿಗೆ ಮಿಷನ್ನು ಬಿಚ್ಚಿದರೆ ಒಂದು ಸ್ಪ್ರಿಂಗು, ನೀರೆತ್ತುವ ಪಂಪು ಬಿಚ್ಚಿದ ಸಲವಂತೂ ಒಂದು ಬೊಗಸೆ ಬೋಲ್ಟು. ಅವನು ಇದರಿಂದ ಧೃತಿಗೆಟ್ಟವನಲ್ಲ. ಮಾಡಿದವರು ಯಾವುದಕ್ಕೂ ಇರಲಿ ಅಂತ ನಾಲ್ಕು ಹೆಚ್ಚಿಗೆ ಹಾಕಿರುತ್ತಾರೆ, ತಾನು ಬೇಕಾದ್ದಷ್ಟನ್ನೇ ಉಳಿಸಿಕೊಂಡಿದ್ದೇನೆ ಎನ್ನುತ್ತಿದ್ದ. ಗಡಿಯಾರ ಅಲ್ಲಿಂದ ಮುಂದೆ ನಡೆಯಲಿಲ್ಲ ಎಂಬುದು ಬೇರೆ ಮಾತು.

ಇಂಥವನ ಪಾಲಿಗೆ ಅಪ್ಪನ ಹಳೆಯ ಟ್ರ್ಯಾಕ್ಟರು ಬಂದಿತ್ತು. ಸುಮ್ಮನೆ ಬಂದದ್ದಲ್ಲ, ಜಗಳದ ಬೆನ್ನೇರಿ ಬಂದದ್ದು. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದ ದಿನ, ನಾಲ್ಕು ಜನ ಹಿರಿಯರ ಎದುರಿಗೆ ಅಣ್ಣ ಬಾಯಿ ಬಿಟ್ಟು ಅಂದುಬಿಟ್ಟಿದ್ದ: "ಏನು ಬೇಕಾದ್ರೂ ಕೊಡಿ, ಟ್ರ್ಯಾಕ್ಟರ್ ಮಾತ್ರ ಇವನ ಕೈಗೆ ಬೇಡ. ಮೊಳೆ ಹೊಡಿ ಅಂದ್ರೆ ಗೋಡೆ ಕೆಡವೋ ಗಿರಾಕಿ ಇವನು." ಹಿರಿಯರು ನಕ್ಕರು. ಹಿರಿಯರು ನಕ್ಕದ್ದೇ ತಪ್ಪಾಯಿತು. ಮಿಗತೆ ಎದ್ದು ನಿಂತು, ಹೊಲದ ಪಾಲು ಬಿಟ್ಟರೆ ತನಗೆ ಬೇರೇನೂ ಬೇಡ, ಟ್ರ್ಯಾಕ್ಟರೇ ಬೇಕು, ಅದನ್ನು ಯಾವ ಮೆಕ್ಯಾನಿಕ್ಕಿನ ಬಾಗಿಲಿಗೂ ಒಯ್ಯದೆ ತಾನೇ ನಡೆಸಿಕೊಂಡು ಹೋಗುತ್ತೇನೆ ಎಂದು ಘೋಷಿಸಿದ. ಅಂದು ನಿಂತ ಮಾತುಕತೆ ಮತ್ತೆ ಶುರುವಾಗಲಿಲ್ಲ. ಅಣ್ಣ ದಿಬ್ಬದ ಮೇಲಿನ ಹಳೆಯ ಮನೆಯಲ್ಲಿ ಉಳಿದ, ತಮ್ಮ ತಗ್ಗಿನಲ್ಲಿ ಹೊಸದೊಂದು ಕಟ್ಟಿಕೊಂಡ. ನಡುವೆ ಇದ್ದದ್ದು ಒಂದು ಇಳಿಜಾರು ರಸ್ತೆ, ಅದರ ಕೆಳತುದಿಗೆ ಹಾಲಿನ ಡೈರಿ. ಕೂಗಿದರೆ ಕೇಳಿಸುವಷ್ಟು ದೂರ. ಕೂಗುವವರು ಮಾತ್ರ ಇರಲಿಲ್ಲ.

ಉಳುಮೆ ಶುರುವಾಗುವ ಹೊತ್ತಿಗೆ ಸರಿಯಾಗಿ ಒಂದು ಬೆಳಿಗ್ಗೆ ಟ್ರ್ಯಾಕ್ಟರು ಮುಷ್ಕರ ಹೂಡಿತು. ಕೀ ತಿರುಗಿಸಿದರೆ ಹೊಟ್ಟೆಯೊಳಗೆಲ್ಲೋ 'ಟಕ್' ಎಂದು ಒಂದು ಸದ್ದು, ಆಮೇಲೆ ಮೌನ. ಕರೆದರೆ ಹೂಂ ಎಂದು ಮಗ್ಗುಲು ಬದಲಿಸುವ ಸೋಮಾರಿಯ ಹಾಗೆ. ಮಿಗತೆ ತೋಳು ಮಡಚಿದ. ಮೊದಲು ದೀಪ ಹಾಕಿ ನೋಡಿದ. ದೀಪ ಉರಿಯಿತು, ಅಂದಮೇಲೆ ಬ್ಯಾಟರಿಯಲ್ಲಿ ಜೀವವಿದೆ. ಬ್ಯಾಟರಿಯ ತುದಿಗಳ ಮೇಲೆ ಕಟ್ಟಿದ್ದ ಬಿಳಿಯ ಕಿಟ್ಟಕ್ಕೆ ಬಿಸಿನೀರು ಹೊಯ್ದು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಬ್ರಷ್ಷು ಹೆಂಡತಿಯದೆಂದು ತಿಕ್ಕಿದ ಮೇಲೆ ಗೊತ್ತಾಯಿತು. ಮತ್ತೆ 'ಟಕ್'. ಸುತ್ತಿಗೆಯಿಂದ ಸ್ಟಾರ್ಟರಿನ ನೆತ್ತಿಗೆ ನಾಲ್ಕು ತಟ್ಟಿದ. ಏನಾಶ್ಚರ್ಯವೋ, ಒಮ್ಮೆ ಇಂಜಿನ್ನು ಹೊತ್ತಿಕೊಂಡಿತು. ಆ ಒಂದು ಸಲ ಹೊತ್ತಿಕೊಳ್ಳದೆ ಇದ್ದಿದ್ದರೆ ಅವನು ತನ್ನ ಮೇಲಿನ ನಂಬಿಕೆ ಕಳೆದುಕೊಂಡು ಮೆಕ್ಯಾನಿಕ್ಕಿನ ಬಳಿಗೆ ಹೋಗುತ್ತಿದ್ದನೋ ಏನೋ. ಹೊತ್ತಿಕೊಂಡದ್ದರಿಂದ ಸ್ಟಾರ್ಟರನ್ನೇ ಕಳಚಿ ಅಂಗಳದಲ್ಲಿ ಗೋಣಿತಾಟಿನ ಮೇಲೆ ಹರವಿಕೊಂಡು ಕೂತ. ಒಳಗಿನದನ್ನೆಲ್ಲ ಒರೆಸಿ, ಉಜ್ಜಿ, ಜೋಡಿಸಿದ. ಒಂದು ವಾಷರು ಮಿಕ್ಕಿತು. ಕೀ ತಿರುಗಿಸಿದರೆ ಅದೇ 'ಟಕ್'.

"ಮೆಕ್ಯಾನಿಕ್ಕನ್ನ ಕರೀರಿ. ಉಳುಮೆ ಕಾಯುತ್ತೇನ್ರಿ ನಿಮ್ಮ ಹಟಕ್ಕೆ?" ಎಂದಳು ಹೆಂಡತಿ.

ಉಳುಮೆ ಕಾಯುವುದಿಲ್ಲ, ನಿಜ. ಆದರೆ ಮೆಕ್ಯಾನಿಕ್ಕು ಬರಬೇಕಾದರೆ ಡೈರಿಯ ಮುಂದಿನಿಂದಲೇ ಬರಬೇಕು. ಡೈರಿಯಲ್ಲಿ ಹಾಲು ಅಳೆಯುವ ಹೆಂಗಸಿನ ಕಣ್ಣು ತಪ್ಪಿಸಿ ಬೆಕ್ಕು ಕೂಡ ರಸ್ತೆ ದಾಟಿದ್ದಿಲ್ಲ. ಅವಳು ಕಂಡದ್ದು ಸಂಜೆಯೊಳಗೆ ದಿಬ್ಬ ಹತ್ತುತ್ತದೆ, ಅಣ್ಣನ ಕಿವಿ ಸೇರುತ್ತದೆ. ಮಿಗತೆ ಇಡೀ ಮಧ್ಯಾಹ್ನ ಯೋಚಿಸಿದ. ಇಂಜಿನ್ನಿಗೆ ಬೇಕಾದದ್ದು ಒಂದು ತಳ್ಳು. ಆ ತಳ್ಳನ್ನು ಸ್ಟಾರ್ಟರೇ ಕೊಡಬೇಕೆಂದು ಎಲ್ಲಿದೆ? ಇಳಿಜಾರು ಕೊಟ್ಟರೂ ಆದೀತು. ಅವತ್ತು ಪರಿಚಯದವರ ಎತ್ತುಗಳಿಂದ ಎಳೆಸಿ ಹೇಗೋ ಹೊತ್ತಿಸಿಕೊಂಡು, ಹೊತ್ತು ಇಳಿಯುವಾಗ ಟ್ರ್ಯಾಕ್ಟರನ್ನು ದಿಬ್ಬ ಹತ್ತಿಸಿದ. ಮೂತಿ ಕೆಳಗೆ ಮಾಡಿ ನಿಲ್ಲಿಸಿದ. ಬ್ರೇಕು ಹಿಡಿತ ಕಳೆದುಕೊಂಡು ಬಹಳ ಕಾಲವಾಗಿದ್ದರಿಂದ ಹಿಂದಿನ ಗಾಲಿಗೆ ಒಂದು ದೊಡ್ಡ ಕಲ್ಲು ಕೊಟ್ಟ. ಮರುದಿನ ಬೆಳಿಗ್ಗೆ ಕಲ್ಲು ತೆಗೆದು ಹಾರಿ ಕೂತರೆ ಗಾಡಿ ತಾನಾಗಿ ಉರುಳಿತು. ಅರ್ಧ ದಾರಿಯಲ್ಲಿ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟದ್ದೇ ತಡ, ಇಂಜಿನ್ನು ಕೆಮ್ಮಿ, ಹೊಗೆಯುಗುಳಿ, ಎದ್ದು ಕೂತಿತು. ಮಿಗತೆಗೆ ಇಷ್ಟು ಆನಂದ ಮದುವೆಯ ದಿನವೂ ಆಗಿರಲಿಲ್ಲ. ಅಂದಿನಿಂದ ಇದೇ ಕ್ರಮ. ಹಗಲೆಲ್ಲ ಇಂಜಿನ್ನು ನಿಲ್ಲಿಸುವಂತಿಲ್ಲ. ಊಟಕ್ಕೆ ಬಂದರೂ ಅದು ಹೊರಗೆ ಗುಡುಗುತ್ತಿರುತ್ತಿತ್ತು. ಯಾರಾದರೂ ಕೇಳಿದರೆ, ಹಳೆಯ ಇಂಜಿನ್ನು, ಆರಿದರೆ ಶೀತವಾಗುತ್ತದೆ ಎನ್ನುತ್ತಿದ್ದ.

ಅವನು ಗಮನಿಸದೆ ಹೋದ ಸಂಗತಿ ಒಂದೇ. ಆ ಇಳಿಜಾರಿನ ಮೇಲ್ತುದಿಯಲ್ಲಿ ಗಾಡಿ ನಿಲ್ಲಿಸುವಷ್ಟು ಜಾಗವಿದ್ದದ್ದು ಅಣ್ಣನ ಮನೆಯ ಗೇಟಿನ ಎದುರಿಗೆ ಮಾತ್ರ. ಗಮನಿಸಲಿಲ್ಲ ಎಂದರೆ, ಗೇಟು ಕಂಡಿತ್ತು. ಆದರೆ ತಲೆಯ ತುಂಬ ಸ್ಟಾರ್ಟರೇ ಇದ್ದವನಿಗೆ ಗೇಟು ಬರಿಯ ಗೇಟಾಗಿ ಕಂಡಿತ್ತು.

ಊರಿಗೆ ಹಾಗೆ ಕಾಣಲಿಲ್ಲ. ಡೈರಿಯ ಹೆಂಗಸು ಮೊದಲ ಸಂಜೆ ನೋಡಿದಳು, ಎರಡನೆಯ ಸಂಜೆ ನೋಡಿದಳು, ಮೂರನೆಯ ದಿನ ಹಾಲಿನ ಕ್ಯಾನು ಹಿಡಿದು ಬಂದ ಮಿಗತೆಯ ಅತ್ತಿಗೆಯ ಕಿವಿಗೆ ಬಾಗಿದಳು. ನಿಮ್ಮ ಮೈದುನ ದಿನಾ ಸಂಜೆ ನಿಮ್ಮ ಬಾಗಿಲಿಗೆ ಬರ್ತಾನೆ, ಗಾಡಿ ನಿಲ್ಲಿಸಿ ಒಂದು ಗಳಿಗೆ ತಲೆ ತಗ್ಗಿಸಿ ನಿಲ್ತಾನೆ, ಆಮೇಲೆ ತಿರುಗಿ ತಿರುಗಿ ನೋಡ್ತಾ ನಡಕೊಂಡು ಇಳಿದು ಹೋಗ್ತಾನೆ, ಕರುಳು ಚುರುಕ್ ಅನ್ನುತ್ತೆ ಎಂದಳು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಲ್ಲು ಕಚ್ಚಿ ನಿಂತಿದೆಯೋ ಇಲ್ಲವೋ ಎಂದು ಅವನು ತಲೆ ತಗ್ಗಿಸಿಯೇ ನೋಡಬೇಕಿತ್ತು, ಗಾಡಿ ಹಿಂದೆಯೇ ಉರುಳಿ ಬರುತ್ತಿಲ್ಲವಷ್ಟೆ ಎಂದು ತಿರುಗಿ ತಿರುಗಿ ನೋಡಲೇಬೇಕಿತ್ತು.

ಅತ್ತಿಗೆ ಆ ಮನೆಗೆ ಬಂದಾಗ ಮಿಗತೆ ಚಡ್ಡಿ ಹಾಕುತ್ತಿದ್ದವನು. ಅವಳು ಗಂಡನಿಗೆ ವಿಷಯ ಮುಟ್ಟಿಸಿದಳು. ಗಂಡ ಕೇಳಿಸಿಕೊಂಡು ಗೋದಾಮಿನ ಕೆಲಸಕ್ಕೆ ಹೊರಟುಹೋದ. ಮರುದಿನ ಬೆಳಿಗ್ಗೆ ಮಿಗತೆ ದಿಬ್ಬ ಹತ್ತಿ ಬಂದರೆ ಕಾಂಪೌಂಡು ಗೋಡೆಯ ಮೇಲೆ ಒಂದು ಲೋಟ ಕಾಫಿ ಹಬೆಯಾಡುತ್ತಿತ್ತು. ಸುತ್ತ ನೋಡಿದ, ಯಾರೂ ಇಲ್ಲ. ಯಾರೋ ಮರೆತು ಇಟ್ಟು ಹೋಗಿದ್ದಾರೆ, ಸುಮ್ಮನೆ ಆರಿಹೋಗುತ್ತದಲ್ಲ ಎಂಬ ಕನಿಕರದಿಂದ ಕುಡಿದ. ಮಾರನೆಯ ದಿನವೂ ಮರೆತಿದ್ದರು. ಈ ಮನೆಯವರಿಗೆ ಇತ್ತೀಚೆಗೆ ಮರೆವು ಹೆಚ್ಚಾಗಿದೆಯಲ್ಲ ಎಂದು ಅವನಿಗೆ ನಿಜಕ್ಕೂ ಕಳವಳವಾಯಿತು.

ಕೆಲವು ದಿನ ಬಿಟ್ಟು, ಗಾಡಿ ನಿಲ್ಲುವ ಜಾಗದ ಮುಳ್ಳುಪೊದೆಯನ್ನು ಯಾರೋ ಸವರಿ ಚೊಕ್ಕಟ ಮಾಡಿದ್ದರು. ಇನ್ನೊಂದು ಬೆಳಿಗ್ಗೆ ಟ್ರ್ಯಾಕ್ಟರಿನ ಸೀಟಿನ ಮೇಲೆ ಇಬ್ಬನಿ ಬೀಳದ ಹಾಗೆ ಒಂದು ಗೋಣಿಚೀಲ ಹೊದಿಸಿತ್ತು. ಮಿಗತೆ ಇದನ್ನು ಹೆಂಡತಿಯ ಮುಂದೆ ಗುಟ್ಟಾಗಿ ಹೇಳಿದ: ತನ್ನ ಗಾಡಿಯ ಮುಖ ನೋಡುವುದಕ್ಕೂ ಅಣ್ಣನಿಗೆ ಇಷ್ಟವಿಲ್ಲ, ಮುಸುಕು ಹಾಕಿದ್ದಾನೆ. ಹೆಂಡತಿ, ಬರಿಯ ಸೀಟಿಗೆ ಮುಸುಕು ಹಾಕಿದರೆ ಮುಖ ಹೇಗೆ ಮುಚ್ಚುತ್ತದೆ ಎಂದು ಕೇಳಿದಳು. ಉಳುಮೆಗೆ ಹೊತ್ತಾಯಿತೆಂದು ಅವನು ಎದ್ದು ಹೊರಟ.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅತ್ತಿಗೆಗೆ ಒಬ್ಬ ತಮ್ಮನಿದ್ದ. ಅಕ್ಕನ ಮನೆಯ ಪಕ್ಕದಲ್ಲೇ ವಾಸ. ಎಂದೋ ಒಮ್ಮೆ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಬಂದಿದ್ದ. ಅಂದಿನಿಂದ ಕಾಯಿದೆಯೆಲ್ಲ ತನ್ನ ಅಂಗೈ ಮೇಲಿದೆ ಎಂಬ ಭಾವನೆ. ಅವನ ಲೆಕ್ಕವೇ ಬೇರೆ. ಪಾಲಾದವನು ದಿನಾ ಬಂದು ಒಂದೇ ಜಾಗದಲ್ಲಿ ಗಾಡಿ ನಿಲ್ಲಿಸುತ್ತಾನೆ ಅಂದರೆ ಏನರ್ಥ? ಅದೂ ಸಾಲದೆಂದು ದಿನಾ ಒಂದು ಕಲ್ಲು ತಂದು ನೆಡುತ್ತಾನೆ ಅಂದರೆ ಏನರ್ಥ? ಇವತ್ತು ಕಲ್ಲು, ನಾಳೆ ಬೇಲಿ, ನಾಡಿದ್ದು ಗೋಡೆ. ಅಕ್ಕನಿಗೂ ಭಾವನಿಗೂ ತಿಳಿಸದೆ ಅವನು ಗ್ರಾಮ ಕಚೇರಿಗೆ ಹೋಗಿ, ದಿಬ್ಬದ ಮೇಲೆ ಗಡಿಕಲ್ಲು ಹಾಕಿ ಒತ್ತುವರಿ ನಡೆಯುತ್ತಿದೆ ಎಂದು ದೂರು ಕೊಟ್ಟು ಬಂದ.

ಅತ್ತಿಗೆಯ ತಮ್ಮನ ಜೊತೆಗೆ ಸರ್ವೆಯರು ಬಂದದ್ದು ಒಂದು ತಣ್ಣನೆಯ ಬೆಳಿಗ್ಗೆ. ಸಜ್ಜನ ಮನುಷ್ಯ, ಮಾತು ಕಮ್ಮಿ. ಅಳತೆಯ ಟೇಪು ಬಿಟ್ಟರೆ ಜಗತ್ತಿನಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ಟೇಪಿನ ಕೊಕ್ಕೆಯನ್ನು ಟ್ರ್ಯಾಕ್ಟರಿನ ಹಿಂಬದಿಗೆ ಸಿಕ್ಕಿಸಿ, ಗೇಟಿನತ್ತ ಹೆಜ್ಜೆ ಹಾಕಿದ. ಗೇಟಿನಲ್ಲಿ ಅಣ್ಣ ನಿಂತಿದ್ದ, ಇಸ್ತ್ರಿ ಮಾಡಿದ ಬಿಳಿಯ ಅಂಗಿ ಹಾಕಿಕೊಂಡು. ಸರ್ವೆಯರಿಗಾಗಿ ಹಾಕಿದ್ದಲ್ಲ, ಸರ್ವೆಯರು ಬರುವುದೇ ಅವನಿಗೆ ಗೊತ್ತಿರಲಿಲ್ಲ. ಅಂದು ಬೆಳಿಗ್ಗೆ ತಮ್ಮ ಬಂದಾಗ ತಾನೇ ಗೇಟು ತೆರೆದು ಒಳಗೆ ಕರೆಯುವುದೆಂದು ನಿಶ್ಚಯಿಸಿ, ಕ್ಷೌರ ಮಾಡಿಕೊಂಡು, ಅಂಗಿ ಹಾಕಿಕೊಂಡು, ಬೆಳಕು ಹರಿದಾಗಿನಿಂದ ಕಾಯುತ್ತಿದ್ದ. ಪಕ್ಕದಲ್ಲಿ ಕಾಫಿ ಲೋಟ ಹಿಡಿದ ಅತ್ತಿಗೆ. ಟೇಪು ಕಂಡು ಇಬ್ಬರೂ ಗೇಟಿನಿಂದ ಎರಡು ಹೆಜ್ಜೆ ಮುಂದೆ ಬಂದರು.

"ಈ ಕಲ್ಲು ಯಾರು ನೆಟ್ಟಿದ್ದು?" ಎಂದು ಸರ್ವೆಯರು ಗಾಲಿಯ ಮುಂದಿನ ಕಲ್ಲನ್ನು ತೋರಿಸಿ ಕೇಳಿದ.

ಆ ಹೊತ್ತಿಗೆ ಕೆಳಗಿನಿಂದ ಹತ್ತಿ ಬರುತ್ತಿದ್ದ ಮಿಗತೆಗೆ ಈ ದೃಶ್ಯ ಕಂಡಿತು. ಟ್ರ್ಯಾಕ್ಟರಿನ ಸುತ್ತ ಜನ, ಕಲ್ಲಿನ ಮೇಲೆ ಅತ್ತಿಗೆಯ ತಮ್ಮನ ಕೈ. "ಕಲ್ಲು ಮುಟ್ಟಬೇಡಿ, ಕಲ್ಲು ಮುಟ್ಟಬೇಡಿ" ಎಂದು ಕೂಗುತ್ತ ಓಡತೊಡಗಿದ.

"ಕೇಳಿಸ್ಕೊಂಡ್ರಾ ಸಾರ್?" ಎಂದ ಅತ್ತಿಗೆಯ ತಮ್ಮ, ಗೆದ್ದವನ ದನಿಯಲ್ಲಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಎರಡೂ ಕೈ ಹಾಕಿ ಕಲ್ಲನ್ನು ಕಿತ್ತು ಎತ್ತಿದ.

ಟ್ರ್ಯಾಕ್ಟರು ಮೊದಲು ಒಂದು ಗೇಣು ಸರಿಯಿತು, ಯೋಚನೆ ಮಾಡುವಂತೆ. ಆಮೇಲೆ ಸದ್ದಿಲ್ಲದೆ ಹೊರಟಿತು. ಕೊಕ್ಕೆ ಸಿಕ್ಕಿಸಿದ್ದ ಟೇಪು ಸರ್ರನೆ ಬಿಚ್ಚಿಕೊಳ್ಳುತ್ತ ಹಿಂಬಾಲಿಸಿತು. ಸರ್ಕಾರಿ ಆಸ್ತಿಯಾದ್ದರಿಂದ ಟೇಪನ್ನು ಸರ್ವೆಯರೂ ಹಿಂಬಾಲಿಸಿದ. ಕೆಳಗೆ ಡೈರಿಯ ಮುಂದೆ ಕ್ಯಾನು ಹಿಡಿದ ಸಾಲಿತ್ತು. ಮಿಗತೆಗೆ ಯೋಚಿಸಲು ಬಿಡುವಿರಲಿಲ್ಲ. ಇದ್ದಿದ್ದರೆ ಖಂಡಿತ ತಪ್ಪು ಮಾಡುತ್ತಿದ್ದ. ಎದುರಿಗೆ ಬಂದ ಗಾಡಿಯ ಪಕ್ಕಕ್ಕೆ ಸರಿದು, ಮಡ್‌ಗಾರ್ಡಿಗೆ ಜೋತುಬಿದ್ದು, ಹೊಟ್ಟೆಯ ಮೇಲೆ ಸೀಟಿಗೆ ಹೊರಳಿ, ಗೇರಿಗೆ ಹಾಕಿ ಕ್ಲಚ್ಚು ಬಿಟ್ಟ. ಇಂಜಿನ್ನು ಕೆಮ್ಮಿ ಎದ್ದಿತು, ವೇಗ ಮುರಿಯಿತು. ಡೈರಿಯ ಸಾಲು ಚೆಲ್ಲಾಪಿಲ್ಲಿಯಾಗುವ ಮೊದಲೇ ಗಾಡಿಯನ್ನು ಹೊಲದ ಕಡೆಗೆ ತಿರುಗಿಸಿ ನಿಲ್ಲಿಸಿದ. ಬಾಳಿನಲ್ಲಿ ಮೊದಲ ಬಾರಿಗೆ ಅವನ ಕೈಯಿಂದ ಒಂದು ಕೆಲಸ ಏನೂ ಮಿಗದಂತೆ ಪೂರ್ತಿಯಾಗಿತ್ತು.

ಸರ್ವೆಯರ ಹಿಂದೆ ಮತ್ತೆ ದಿಬ್ಬ ಹತ್ತಿ ಬಂದವನು ಏದುಸಿರು ಬಿಡುತ್ತಲೇ ಎಲ್ಲ ಹೇಳಿಬಿಟ್ಟ. ಸ್ಟಾರ್ಟರು ಕೆಟ್ಟದ್ದು, ಇಳಿಜಾರು, ಕಲ್ಲು, ಎಲ್ಲ.

"ಅಂದ್ರೆ ಇಲ್ಲಿ ನಿಲ್ಲಿಸ್ತಿದ್ದಿದ್ದು ಇಳಿಜಾರಿಗೆ ಮಾತ್ರ?" ಎಂದು ಕೇಳಿದ ಸರ್ವೆಯರು.

"ಇಳಿಜಾರಿಗೆ ಮಾತ್ರ ಸಾರ್. ದೇವರಾಣೆ, ಬೇರೆ ಯಾವ ಉದ್ದೇಶವೂ ಇಲ್ಲ."

ಆಪಾದನೆಯಿಂದ ಪಾರಾದೆನೆಂಬ ಸಮಾಧಾನದಿಂದ ಅವನು ಎಲ್ಲರ ಮುಖ ನೋಡಿದ. ಸರ್ವೆಯರು ಟೇಪು ಸುತ್ತಿಕೊಂಡ. ಅತ್ತಿಗೆಯ ತಮ್ಮ ಕಲ್ಲನ್ನು ಇನ್ನೂ ಎದೆಗವಚಿಕೊಂಡು ನಿಂತಿದ್ದ, ಎಲ್ಲಿಡಬೇಕೆಂದು ತಿಳಿಯದೆ. ಅಣ್ಣ ಒಳಗೆ ನಡೆದ. ನಡೆಯುತ್ತಲೇ ಇಸ್ತ್ರಿ ಅಂಗಿಯ ಗುಂಡಿ ಬಿಚ್ಚುತ್ತಿದ್ದ.

"ಹಾಗಾದ್ರೆ ಇಷ್ಟು ದಿನ ಕಾಫಿ ಕುಡಿದಿದ್ದು?" ಎಂದು ಅತ್ತಿಗೆ ಮೆಲ್ಲಗೆ ಕೇಳಿದಳು.

"ಯಾರೋ ಮರೆತು ಇಟ್ಟಿದ್ದಾರೆ ಅಂದ್ಕೊಂಡೆ ಅತ್ತಿಗೆ."

ಅತ್ತಿಗೆ ಕೈಯಲ್ಲಿದ್ದ ಲೋಟವನ್ನು ನೋಡಿದಳು, ಒಳಗೆ ಹೋಗಿ ಗೇಟು ಹಾಕಿಕೊಂಡಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಿಗತೆ ಇದನ್ನೆಲ್ಲ ಹೇಳಿದ. ಹೆಂಡತಿ ಬಡಿಸುವುದನ್ನು ನಿಲ್ಲಿಸಿ, ಕಾಫಿ, ಮುಳ್ಳುಪೊದೆ, ಗೋಣಿಚೀಲ, ಬಿಳಿಯ ಅಂಗಿ ಎಂದು ಒಂದೊಂದನ್ನೇ ಎದುರಿಗಿಟ್ಟು, ಇವು ಏನೆಂದು ಗೊತ್ತಾಯಿತೆ ಎಂದು ಕೇಳಿದಳು. ಬಿಡಿಭಾಗಗಳನ್ನು ಯಾರೋ ಜೋಡಿಸಿ ತೋರಿಸಿದ ಹಾಗಾಯಿತು. ಅವನು ಅರ್ಧ ಊಟಕ್ಕೆ ಎದ್ದ. ಆ ಮಧ್ಯಾಹ್ನ ಉತ್ತ ಹೊಲವನ್ನೇ ಮತ್ತೆ ಉತ್ತ. ಪಕ್ಕದ ಹೊಲದವನು ಕರೆದು ಹೇಳುವ ತನಕ ತಿಳಿಯಲೂ ಇಲ್ಲ.

ಸಂಜೆಗೆ ಮುಂಚೆಯೇ ಅವನು ಗಾಡಿಯನ್ನು ದಿಬ್ಬ ಹತ್ತಿಸಿದ. ನಿಲ್ಲಿಸಿದ, ಕಲ್ಲು ಕೊಟ್ಟ. ಆದರೆ ಇಳಿದು ಹೋಗಲಿಲ್ಲ. ಮಡ್‌ಗಾರ್ಡಿನ ಮೇಲೆ ಕೂತ. ಕಿಟಕಿಯ ಪರದೆ ಎರಡು ಸಲ ಅಲ್ಲಾಡಿತು. ಬಹಳ ಹೊತ್ತಿನ ಮೇಲೆ ಗೇಟು ಕಿರುಗುಟ್ಟಿ ಅಣ್ಣ ಬಂದು ನಿಂತ, ಮನೆಯಲ್ಲಿ ಹಾಕುವ ಮಾಸಿದ ಬನಿಯನ್ನಿನಲ್ಲಿ.

"ಮೆಕ್ಯಾನಿಕ್ಕಿಗೆ ತೋರಿಸೋಕೆ ಏನಾಗಿತ್ತು ನಿಂಗೆ?"

"ನೀನು ಅವತ್ತು ನಾಲ್ಕು ಜನದ ಮುಂದೆ ಹಾಗಂದ್ಯಲ್ಲ ಅಣ್ಣ."

"ಅಂದೆ. ಇಷ್ಟು ವರ್ಷ ಅದನ್ನ ಕಟ್ಕೊಂಡು ಕೂತ್ಕೋ ಅಂತ ಅಂದಿರಲಿಲ್ಲ."

ತಮ್ಮ ನೆಲ ನೋಡಿದ. "ಬೆಳಿಗ್ಗೆ ನಾನು ಹೇಳಿದ್ದು ಸರ್ವೆಯರಿಗೆ. ನಿಂಗಲ್ಲ."

ಅಣ್ಣ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದ. ಯಂತ್ರದ ವಿಷಯದಲ್ಲಿ ಅವನ ತಿಳಿವಳಿಕೆ ತಮ್ಮನದಕ್ಕಿಂತ ಹೆಚ್ಚಿನದೇನಲ್ಲ. ವ್ಯತ್ಯಾಸವೆಂದರೆ ತಮ್ಮ ಬಿಚ್ಚುತ್ತಿದ್ದ, ಅಣ್ಣ ಬಿಚ್ಚದೆ ಮಾತಾಡುತ್ತಿದ್ದ. ಬ್ಯಾಟರಿಯ ಪಕ್ಕ ನಿಂತು ಕೀ ತಿರುಗಿಸಲು ಹೇಳಿದ. 'ಟಕ್'. ವೈದ್ಯರ ಹಾಗೆ ಕಣ್ಣು ಮುಚ್ಚಿ ತಲೆಯಾಡಿಸಿ, ಇನ್ನೊಮ್ಮೆ ಎಂದ. 'ಟಕ್'. ಇನ್ನೊಮ್ಮೆ, ಇನ್ನೊಮ್ಮೆ. ಕೊನೆಗೆ, ಮೂಲದಲ್ಲಿ ನೀನು ಮಾಡಿದ ತಪ್ಪೇನೆಂದರೆ ಎಂದು ಶುರುಮಾಡಿ, ಆರಾಮವಾಗಿ ಗಾಡಿಗೆ ಕೈ ಊರಿದವನು ಹಾವು ತುಳಿದವನಂತೆ ಹಿಂದಕ್ಕೆ ಹಾರಿದ. ಅವನು ಕೈ ಊರಿದ್ದು ಬ್ಯಾಟರಿಯಿಂದ ಬಂದ ದಪ್ಪ ವೈರು ಗಾಡಿಯ ಮೈಗೆ ಸೇರುವ ಬೋಲ್ಟಿನ ಮೇಲೆ. ಬೋಲ್ಟು ಕಾದು ಕೆಂಡವಾಗಿತ್ತು.

ಅಣ್ಣ ಬೆರಳು ಬಾಯಲ್ಲಿಟ್ಟುಕೊಂಡ. ತಮ್ಮ ಬಗ್ಗಿ ನೋಡಿದ. ವೈರಿನ ತುದಿಗೂ ಗಾಡಿಯ ಕಬ್ಬಿಣಕ್ಕೂ ನಡುವೆ ಹೊಳೆಯುವ ಕೆಂಪು ಬಣ್ಣ, ಮುಲಾಮು ಸವರಿದಂತೆ ದಪ್ಪಗೆ.

"ಬಣ್ಣ ಯಾರು ಬಳಿದಿದ್ದು?" ಎಂದ ಅಣ್ಣ, ಬೆರಳು ತೆಗೆಯದೆಯೇ.

"ನಾನೇ. ಉಳುಮೆಗೆ ಮುಂಚೆ. ಎರಡು ಕೋಟು." ಸ್ವಲ್ಪ ತಡೆದು ಸೇರಿಸಿದ: "ಎಲ್ಲಾ ಬಿಚ್ಚಿ, ಒಂದು ಸಂದೂ ಬಿಡದ ಹಾಗೆ ಬಳಿದೆ."

ಕರೆಂಟು ಹರಿಯಬೇಕಾದ ಜಾಗವನ್ನೇ ಅವನು ಚಂದ ಮಾಡಿ ಮುಚ್ಚಿದ್ದ. ಬ್ಯಾಟರಿಯ ಶಕ್ತಿಯೆಲ್ಲ ಆ ಬಣ್ಣವನ್ನು ದಾಟಲಾರದೆ ಅಲ್ಲೇ ಕುದಿಯುತ್ತಿತ್ತು, ಸ್ಟಾರ್ಟರಿಗೆ ಮುಟ್ಟುತ್ತಿದ್ದದ್ದು ಒಂದು 'ಟಕ್'ಗೆ ಸಾಕಾಗುವಷ್ಟು. ಅತ್ತಿಗೆ ಅಡುಗೆಮನೆಯಿಂದ ಹಳೆಯ ಚಾಕು ತಂದುಕೊಟ್ಟಳು. ಅಣ್ಣ ವೈರು ಹಿಡಿದ, ತಮ್ಮ ಕಬ್ಬಿಣ ಹೊಳೆಯುವ ತನಕ ಕೆರೆದ. ಹೀಗೆ ಹಿಡಿ, ಹಾಗಲ್ಲ, ನೀನು ಸುಮ್ಮನಿರು ಎಂದು ಇಬ್ಬರೂ ಒಬ್ಬರನ್ನೊಬ್ಬರು ಗದರಿಕೊಂಡರು. ಎಷ್ಟೋ ವರ್ಷಗಳ ಬೈಗುಳ ಬಾಕಿಯಿತ್ತು. ಬೋಲ್ಟು ಬಿಗಿದು ಕೀ ತಿರುಗಿಸಿದರೆ ಇಂಜಿನ್ನು ಒಂದೇ ಏಟಿಗೆ ಗುಡುಗಿತು.

ಇನ್ನು ಗಾಡಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. ಇಬ್ಬರಿಗೂ ಅದು ಹೊಳೆಯಿತು, ಇಬ್ಬರೂ ಹೇಳಲಿಲ್ಲ.

"ಜರುಗು. ಒಂದು ಸುತ್ತು ನಾನು ಓಡಿಸ್ತೀನಿ" ಎಂದ ಅಣ್ಣ.

ಟ್ರ್ಯಾಕ್ಟರು ಓಡಿಸಿ ಅವನಿಗೆ ಅಭ್ಯಾಸ ತಪ್ಪಿತ್ತು. ಗಾಡಿ ಕುಪ್ಪಳಿಸುತ್ತ ಇಳಿಜಾರು ಇಳಿಯಿತು. ತಮ್ಮ ಎರಡೂ ಕೈಯಿಂದ ಮಡ್‌ಗಾರ್ಡು ತಬ್ಬಿಕೊಂಡು, ಬ್ರೇಕಿಲ್ಲ ಅಣ್ಣ, ನಿಧಾನ ಅಣ್ಣ ಎಂದು ಕೂಗುತ್ತಿದ್ದ. ಡೈರಿಯ ಹೆಂಗಸು ಸಂಜೆಯ ಹಾಲು ಅಳೆಯುತ್ತಿದ್ದವಳು ತಲೆಯೆತ್ತಿ ನೋಡಿದಳು. ಅವಳಿಗೆ ಕಂಡದ್ದು ಇಷ್ಟು: ಬೆಳಿಗ್ಗೆ ಸರ್ವೆ ನಡೆದಿದೆ, ಸಂಜೆ ಅಣ್ಣ ಟ್ರ್ಯಾಕ್ಟರನ್ನು ವಶಪಡಿಸಿಕೊಂಡು ಒಯ್ಯುತ್ತಿದ್ದಾನೆ, ಪಾಪದ ತಮ್ಮ ಅದಕ್ಕೆ ಜೋತುಬಿದ್ದು ಗೋಗರೆಯುತ್ತಿದ್ದಾನೆ. ಅಳತೆ ಅರ್ಧಕ್ಕೆ ಬಿಟ್ಟು ಅವಳು ಮಿಗತೆಯ ಮನೆಗೆ ಓಡಿದಳು.

ಮಿಗತೆಯ ಹೆಂಡತಿ ಸೆರಗು ಸಿಕ್ಕಿಸಿಕೊಂಡು ದಿಬ್ಬ ಹತ್ತಿದಳು. ಪಾಲಾದ ಮೇಲೆ ಆ ಗೇಟು ಮುಟ್ಟಿದವಳಲ್ಲ. ಈಗ ದಡಾರನೆ ತಳ್ಳಿದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ನಾಲಗೆಯ ತುದಿಯಲ್ಲಿತ್ತು. ಅತ್ತಿಗೆ ಪಡಸಾಲೆಯಲ್ಲಿ ಮೊರದ ತುಂಬ ಈರುಳ್ಳಿ ಇಟ್ಟುಕೊಂಡು ಕೂತಿದ್ದಳು. ಎದುರಿಗೆ ನಿಂತವಳ ಮುಖ ನೋಡಿದಳು, ನಡೆದದ್ದನ್ನು ಎರಡೇ ಮಾತಿನಲ್ಲಿ ಹೇಳಿದಳು.

"ಜಗಳ ಆಡ್ಲೇಬೇಕು ಅಂತಿದ್ರೆ ಆಮೇಲೆ ಆಡೋಣ. ಇವತ್ತು ನಾಲ್ಕು ಜನಕ್ಕೆ ಅಡಿಗೆ ಆಗ್ಬೇಕು, ಬಾ ಕೂತ್ಕೋ" ಎಂದು ಇನ್ನೊಂದು ಚಾಕು ಮುಂದಕ್ಕೆ ಸರಿಸಿದಳು.

ಕಟ್ಟಿಕೊಂಡು ಬಂದ ಮಾತನ್ನು ಏನು ಮಾಡುವುದೆಂದು ಗೊತ್ತಾಗದೆ ಅವಳು ಕೂತಳು, ಹೆಚ್ಚತೊಡಗಿದಳು.

ಅಣ್ಣತಮ್ಮಂದಿರು ಹೊಲಗಳನ್ನೆಲ್ಲ ಸುತ್ತಿ, ಕೆರೆಯ ಏರಿಯ ಮೇಲೆ ಹೋಗಿ, ಗಾಡಿಯನ್ನು ಮತ್ತೆ ಗೇಟಿನ ಮುಂದೆ ತಂದು ನಿಲ್ಲಿಸಿದಾಗ ಇನ್ನೂ ಬೆಳಕಿತ್ತು. ನಗುತ್ತ ಪಡಸಾಲೆಯ ಹೊಸ್ತಿಲಿಗೆ ಬಂದವರು ಅಲ್ಲೇ ತಡೆದರು. ಇಬ್ಬರು ಹೆಂಗಸರೂ ತಲೆ ತಗ್ಗಿಸಿ ಕೂತಿದ್ದಾರೆ, ಇಬ್ಬರ ಕಣ್ಣಲ್ಲೂ ಧಾರಾಕಾರ ನೀರು.

"ನಮ್ಮಿಂದ ಎಷ್ಟು ನೊಂದಿದ್ದಾರೆ ನೋಡು" ಎಂದು ಅಣ್ಣ ಪಿಸುಗುಟ್ಟಿದ. "ಏನೂ ಕೇಳೋಕೆ ಹೋಗ್ಬೇಡ. ಸುಮ್ನೆ ಬಾ."

ಇಬ್ಬರೂ ಸದ್ದಾಗದಂತೆ ಚಪ್ಪಲಿ ಬಿಟ್ಟು ಬಂದು, ಮೊರದ ಎರಡು ಪಕ್ಕ ಕೂತು, ಒಂದೊಂದು ಈರುಳ್ಳಿ ಎತ್ತಿಕೊಂಡು ಸಿಪ್ಪೆ ಸುಲಿಯತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ಕಣ್ಣೂ ತುಂಬಿ ಬಂದವು. ಯಾರೂ ಯಾರನ್ನೂ ಕಾರಣ ಕೇಳಲಿಲ್ಲ. ಕೇಳಿದ್ದರೆ ಹೇಳುವುದಕ್ಕೆ ಈರುಳ್ಳಿ ಅಲ್ಲೇ ಇತ್ತಲ್ಲ.